‘ಐದೂ ಜನ ಒಟ್ಟಿಗೇ ಇರ್ತೀವಮ್ಮ’

ಪುಟ್ಟೀ,

ಶನಿವಾರ ಇಂದಿರಾನಗರದ ಪಬ್ಬಿನಲ್ಲಿ ಗೆಳತಿಯ ಬರ್ತ್‌ಡೇ, ‘ಐದೂ ಜನ ಒಟ್ಟಿಗೇ ಇರ್ತೀವಮ್ಮ’ ಅಂದೆ. ಆ ಮಾತಿಗೇ ಈ ಪತ್ರ. ಕುಡಿಯಬೇಡ ಅಂತ ಬರೆದರೆ ಎರಡನೇ ಸಾಲಿಗೇ ಮುಚ್ಚಿಡುತ್ತೀಯ, ಗೊತ್ತು.

ನಿಮಗೆ ಅಪಾಯ ಅಂದರೆ ಪಕ್ಕದ ಟೇಬಲ್ಲಿನವನು ಗ್ಲಾಸಿಗೆ ಏನಾದರೂ ಬೆರೆಸುವುದು. ಗ್ಲಾಸು ಕಾಯುತ್ತೀರಿ, ಕಾಯಲೇಬೇಕು. ಆದರೆ ಅದರೊಳಗೆ ಮೊದಲೇ ಇರುವುದನ್ನು ಯಾರೂ ಎಣಿಸುವುದಿಲ್ಲ. ನಮ್ಮಲ್ಲಿನ ವೋಡ್ಕಾ, ರಮ್ಮಿನಲ್ಲಿ ಸಾಮಾನ್ಯವಾಗಿ ಶೇ. 42.8ರಷ್ಟು ಆಲ್ಕೋಹಾಲ್. ಒಂದು ಸ್ಮಾಲ್ ಅಂದರೆ 30 ಎಂ.ಎಲ್., ಅದರಲ್ಲಿ 10 ಗ್ರಾಂ ಆಲ್ಕೋಹಾಲ್. 650 ಎಂ.ಎಲ್. ಸ್ಟ್ರಾಂಗ್ ಬಿಯರ್ ಬಾಟಲಿಯಲ್ಲಿ ಸುಮಾರು ನಾಲ್ಕು ಸ್ಮಾಲ್‌ನಷ್ಟಿದೆ; ‘ಬರೀ ಬಿಯರ್’ ಅನ್ನುವ ಮಾತೇ ತಪ್ಪು. ಪಿಚರ್, ಅಂದರೆ ದೊಡ್ಡ ಜಗ್ಗು, ತರಿಸಿದರಂತೂ ಗ್ಲಾಸು ಖಾಲಿಯಾಗುವ ಮೊದಲೇ ತುಂಬುತ್ತಾರೆ, ಲೆಕ್ಕ ಅಲ್ಲೇ ತಪ್ಪುತ್ತದೆ.

50 ಕೆ.ಜಿ.ಯ ಹುಡುಗಿ ಖಾಲಿ ಹೊಟ್ಟೆಯಲ್ಲಿ 60 ಎಂ.ಎಲ್., ಅಂದರೆ ಎರಡು ಸ್ಮಾಲ್, ಬೇಗ ಕುಡಿದರೆ 100 ಎಂ.ಎಲ್. ರಕ್ತದಲ್ಲಿ ಆಲ್ಕೋಹಾಲ್ ಸುಮಾರು 70 ಮಿ.ಗ್ರಾಂ ತನಕ ಏರಬಹುದು. 75 ಕೆ.ಜಿ.ಯ ಹುಡುಗನಿಗೆ ಅದು 40ರ ಆಸುಪಾಸು. ತೂಕ ಕಡಿಮೆ, ಜೊತೆಗೆ ಹೆಣ್ಣಿನ ಮೈಯಲ್ಲಿ ನೀರಿನ ಪಾಲೂ ಕಡಿಮೆ, ಅದಕ್ಕೇ ಈ ಅಂತರ. ಗಾಡಿ ಓಡಿಸಲು ಕಾನೂನಿನ ಮಿತಿ 30. ಲಿವರ್ ಗಂಟೆಗೆ ಇಳಿಸುವುದು ಹೆಚ್ಚುಕಡಿಮೆ ಒಂದು ಸ್ಮಾಲ್ ಮಾತ್ರ, ಅವಸರ ಮಾಡಿದರೂ ಅಷ್ಟೇ.

ಗುಂಪು ಕಾಪಾಡುತ್ತದೆ ಅಂದುಕೊಂಡಿದ್ದೀರಿ. ಕುಡಿಯುವ ವೇಗ ಗೊತ್ತುಮಾಡುವುದೂ ಅದೇ ಗುಂಪು. ರೌಂಡು ಬಂದಾಗ ಐವರೂ ಎಲ್ಲರಿಗಿಂತ ಬೇಗ ಕುಡಿಯುವವಳ ಹೆಜ್ಜೆಗೆ ಹೆಜ್ಜೆ ಹಾಕುತ್ತೀರಿ. ಹ್ಯಾಪಿ ಅವರ್ ಮುಗಿಯುತ್ತಿದೆ ಅಂತ ಕೊನೆಗೆ ಎರಡೆರಡು ಬರುತ್ತವೆ. ಕುಡಿದದ್ದು ರಕ್ತಕ್ಕೆ ಪೂರ್ತಿ ಇಳಿಯಲು ಅರ್ಧ ಗಂಟೆಯಿಂದ ಒಂದೂವರೆ ಗಂಟೆ ಬೇಕು. ಹಾಗಾಗಿ ಪಬ್ಬಿನಲ್ಲಿ ನೆಟ್ಟಗಿದ್ದವಳು ಕ್ಯಾಬಿನಲ್ಲಿ ಕುಸಿಯುತ್ತಾಳೆ, ಅದೂ ಗುಂಪು ಒಡೆದು ಅವರವರ ಪಿ.ಜಿ. ದಾರಿ ಹಿಡಿದ ಮೇಲೆ. ನಡೆಯುತ್ತಾ, ನಗುತ್ತಾ ಮಾತಾಡುತ್ತಿರುವವಳಿಗೂ ಬ್ಲ್ಯಾಕೌಟ್ ಆಗಿರಬಹುದು: ಮಿದುಳು ನೆನಪು ದಾಖಲಿಸುವುದನ್ನೇ ನಿಲ್ಲಿಸಿರುತ್ತದೆ. ‘ನಾನು ಸರಿಯಾಗಿದ್ದೀನಿ’ ಅಂದಳು ಅಂತ ಅವಳೊಬ್ಬಳನ್ನೇ ಕಳಿಸಬೇಡಿ.

ಅವತ್ತು ಯಾರು ಕುಡಿಯುವುದಿಲ್ಲ ಅಂತ ಮೊದಲ ಆರ್ಡರಿಗೆ ಮುಂಚೆಯೇ ತೀರ್ಮಾನಿಸಿ. ಕ್ಯಾಬು, ಫೋನುಗಳ ಚಾರ್ಜು ಅವಳ ಕೈಲಿರಲಿ. ಹೋಗುವ ಮೊದಲು ಅನ್ನವೋ ಚಪಾತಿಯೋ ಹೊಟ್ಟೆಗೆ ಬೀಳಲಿ. ಪಬ್ಬಿನ ಕಡಲೆಕಾಯಿ ಊಟವಲ್ಲ.

ಯಾರಾದರೂ ಮಂಕಾಗಿ ಬಿದ್ದರೆ ‘ಮಲಗಿದರೆ ಸರಿಹೋಗುತ್ತೆ’ ಅಂತ ಬಿಟ್ಟು ಹೋಗುವುದೇ ದೊಡ್ಡ ತಪ್ಪು. ಅಂಗಾತ ಮಲಗಿಸಬೇಡಿ, ವಾಂತಿ ಶ್ವಾಸನಾಳಕ್ಕೆ ಹೋಗುತ್ತದೆ. ಪಕ್ಕಕ್ಕೆ ಹೊರಳಿಸಿ, ಮೇಲಿನ ಮಂಡಿ ಮಡಚಿ, ಬಾಯಿ ನೆಲದ ಕಡೆ ವಾಲುವಂತಿಡಿ. ನಿಂಬೆಹಣ್ಣಿನ ರಸ, ಮಜ್ಜಿಗೆ, ಕಾಫಿ, ತಣ್ಣೀರ ಸ್ನಾನ ಯಾವುದೂ ಬೇಡ. ಉಸಿರು ಎಣಿಸಿ. ನಿಮಿಷಕ್ಕೆ 8ಕ್ಕಿಂತ ಕಡಿಮೆಯಿದ್ದರೆ, ಎರಡು ಉಸಿರಿನ ನಡುವೆ 10 ಸೆಕೆಂಡು ಕಳೆದರೆ, ತುಟಿ–ಉಗುರು ನೀಲಿಗಟ್ಟಿದರೆ, ಗಿಲ್ಲಿದರೂ ಏಳದಿದ್ದರೆ, ಇದರಲ್ಲಿ ಒಂದು ಕಂಡರೂ 108ಕ್ಕೆ ಫೋನು ಮಾಡಿ. ಅಪ್ಪ ಅಮ್ಮನಿಗೆ ಗೊತ್ತಾಗುತ್ತೆ ಅಂತ ಆ ಹೊತ್ತಲ್ಲಿ ಹಿಂದೆಮುಂದೆ ನೋಡಬೇಡಿ. ಪಬ್ಬಿನ ಬಿಲ್ಲು ಎಸೆಯದೆ ಇಟ್ಟುಕೊಂಡಿರಿ. ಎಷ್ಟು ಕುಡಿದಳು, ಎಷ್ಟು ಹೊತ್ತಿಗೆ ಅಂತ ಡಾಕ್ಟರು ಮೊದಲು ಕೇಳುವುದು ಅದನ್ನೇ.

ಅಮ್ಮ