ರೊಟ್ಟಿ ಗಂಟಿನಲ್ಲಿಟ್ಟ ಪತ್ರ

ನವನಗರ, ಬಾಗಲಕೋಟೆ
ರಾತ್ರಿ ಹನ್ನೊಂದೂವರೆ

ರೇಣು,

ನೀನು ಮಲಗಿದ್ದೀಯ. ನಾನು ಅಡುಗೆಮನೆಯಲ್ಲಿ ಕೂತಿದ್ದೇನೆ. ಒಡಿಶಾದ ಕಬ್ಬಿಣದ ಗಣಿಗೆ ನೀನು ಕೆಲಸಕ್ಕೆ ಹೋಗುವ ಬಗ್ಗೆ ಸಂಜೆ ಆಡಿದ ಮಾತೆಲ್ಲ ಮತ್ತೆ ಬರೆಯುವುದಿಲ್ಲ, ಇಬ್ಬರಿಗೂ ನೆನಪಿದೆ. ಒಂದು ಮಾತು ಮಾತ್ರ ವಾಪಸ್ ತಗೊಳ್ಳುತ್ತೇನೆ. "ಇಷ್ಟು ಓದಿ ಕಡೀಕ ಗುಡ್ಡ ಅಗಿಯೋರ ಹಂತೇಲಿ ಹೊಂಟಿ" ಅಂದೆನಲ್ಲ, ಅದು ತಪ್ಪು. ಕಬ್ಬಿಣ ತೆಗೆಯಬೇಡಿ ಅನ್ನಲು ನನಗೇನು ಹಕ್ಕಿದೆ? ಭೂವಿಜ್ಞಾನದ ಪಾಠ ಮಾಡುತ್ತ ಮೂವತ್ತು ವರ್ಷ ನಾನು ಹಿಡಿದ ಸುತ್ತಿಗೆಯೂ ಕಬ್ಬಿಣದ್ದೇ.

ಆದರೆ ನೀನು ಒಡಿಶಾ, ಗಣಿ ಅಂದ ಕೂಡಲೇ ಇಳಕಲ್ ಕಡೆಯ ಆ ಗುಂಡಿ ಕಣ್ಣಿಗೆ ಕಟ್ಟಿತು. ನಿನಗೆ ಆಗ ಒಂಬತ್ತು ವರ್ಷ. ಹುನಗುಂದ, ಇಳಕಲ್ ಕಡೆಯ ಬೋರ್‌ವೆಲ್‌ಗಳಲ್ಲಿ ಫ್ಲೋರೈಡ್ ಎಷ್ಟಿದೆ ಅಂತ ನೋಡಲು ನಾನು ಭಾನುವಾರ ನೀರು ತುಂಬಿಸಿಕೊಂಡು ಬರುತ್ತಿದ್ದೆ. ಬಾಟಲಿಗೆ ಚೀಟಿ ಬರೆಯುವ ಕೆಲಸ ನಿನ್ನದು. ಅವತ್ತು ಬೋರಿಂಗ್ ಹತ್ತಿರ ಒಬ್ಬ ಅಜ್ಜ ಇದ್ದ, ಮೊಣಕಾಲು ಮಡಚಲು ಬರುತ್ತಿರಲಿಲ್ಲ. ಅವನ ಜೊತೆ ಮಾತಾಡುತ್ತ ತಿರುಗಿ ನೋಡಿದರೆ ನೀನಿಲ್ಲ.

ನೂರು ಹೆಜ್ಜೆ ಆಚೆ ಹಳೇ ಗ್ರಾನೈಟ್ ಕ್ವಾರಿ. ಬೇಲಿ ಇಲ್ಲ. ಕೆಂಪು ಕಲ್ಲನ್ನು ಗೋಡೆಯ ಹಾಗೆ ನೇರ ಕೊಯ್ದಿದ್ದರು, ಕೆಳಗೆ ಹಸಿರು ನೀರು. ಅಂಚಿನಲ್ಲಿ ನಿನ್ನ ಚಪ್ಪಲಿ. ಒಂದೇ. ನೀರು ನೋಡಿದೆ, ಚಪ್ಪಲಿ ನೋಡಿದೆ, ಮತ್ತೆ ನೀರು ನೋಡಿದೆ. ಕೂಗಲು ದನಿಯೇ ಬರಲಿಲ್ಲ. ನೀನು, ಒಡೆದ ಕಲ್ಲಿನ ರಾಶಿ ಹಿಂದೆ ಕೂತು, ಫ್ರಾಕಿನ ಮಡಿಲಿಗೆ ಕೆಂಪು ಫೆಲ್ಡ್‌ಸ್ಪಾರ್ ಖನಿಜದ ಚೂರು ಆರಿಸಿ ಹಾಕುತ್ತಿದ್ದೆ. "ಅವ್ವಾ, ಹೊಳೀತೈತಿ ನೋಡು" ಅಂದೆ. ನಾನು ಕೆನ್ನೆಗೆ ಹೊಡೆದೆ. ಚೂರೆಲ್ಲ ಚೆಲ್ಲಿಹೋದವು.

ಆ ಗುಂಡಿಯ ಹತ್ತಿರ ಈಗಲೂ ಪ್ರತಿ ವರ್ಷ ವಿದ್ಯಾರ್ಥಿಗಳನ್ನು ಕರೆದುಕೊಂಡು ಹೋಗುತ್ತೇನೆ. ಕಲ್ಲಿನ ಪಾಠ ಮಾಡುತ್ತಲೇ ತಲೆ ಎಣಿಸುತ್ತಿರುತ್ತೇನೆ. 22. ಮತ್ತೆ 22. ಕನಸಿನಲ್ಲಿ ಮಾತ್ರ ಚಪ್ಪಲಿ ನೀರಿನ ಮೇಲೆ ತೇಲುತ್ತಿರುತ್ತದೆ. ನಿಜಕ್ಕೂ ಅದು ಅಂಚಿನಲ್ಲೇ ಇತ್ತು, ನೀಲಿ ಪಟ್ಟಿಯದು. ಇವತ್ತು ಸಂಜೆ ನಿನಗೆ ಬಿದ್ದದ್ದೂ ಅದೇ ಏಟು. ಎರಡಕ್ಕೂ ತಪ್ಪಾಯ್ತು, ನನ್ನವ್ವ.

ಉಪದೇಶ ಬೇಡ ಅಂದುಕೊಂಡೇ ಪೆನ್ನು ಹಿಡಿದೆ. ಆದರೂ ಕೇಳು. ಕಬ್ಬಿಣದ ಅದಿರಿನ ಜೊತೆ ಸಿಲಿಕಾ ಇರುತ್ತದೆ. ಆ ಸಣ್ಣ ಧೂಳು ಶ್ವಾಸಕೋಶದಲ್ಲಿ ಕೂತರೆ ಮುಗೀತು, ಸಿಲಿಕೋಸಿಸ್ ವಾಸಿಯಾಗುವ ಕಾಯಿಲೆಯಲ್ಲ. ಒಣ ಡ್ರಿಲ್ಲಿಂಗ್ ಮಾಡಲು ಬಿಡಬೇಡ, ನೀರು ಹಾಕಿಸು. ಮಾಸ್ಕ್ ನೀನೊಬ್ಬಳೇ ಹಾಕಿಕೊಂಡರೆ ಸಾಲದು, ಡ್ರಿಲ್ ಹಿಡಿದವನಿಗೂ ಕೊಡಿಸು. ಗಣಿಯ ನೀರನ್ನು ಪಂಪ್ ಮಾಡಿ ಹೊರಗೆ ಹಾಕಿದರೆ ಸುತ್ತಲಿನ ಬಾವಿ ಬತ್ತಬಹುದು. ಆಮೇಲೆ ಜನ ಆಳಕ್ಕೆ ಕೊರೆಸುತ್ತಾರೆ. ನಮ್ಮ ಕಡೆ ಆ ಆಳದ ನೀರು ಗ್ರಾನೈಟಿನ ಸಂದಿಯಲ್ಲಿ ವರ್ಷಗಟ್ಟಲೆ ನಿಂತು ಫ್ಲೋರೈಡ್ ಕರಗಿಸಿಕೊಂಡಿರುತ್ತದೆ. ಲೀಟರಿಗೆ 1.5 ಮಿಲಿಗ್ರಾಂ ದಾಟಿದ ನೀರು ಕುಡಿದು ಬೆಳೆದ ಮಕ್ಕಳ ಕಲೆಬಿದ್ದ ಹಲ್ಲು ನೀನೇ ನೋಡಿದ್ದೀಯ. ಇನ್ನೂ ಜಾಸ್ತಿಯಾದರೆ ಆ ಅಜ್ಜನ ಮೊಣಕಾಲು. ಅಲ್ಲಿಯ ಬಾವಿಗಳ ಮಟ್ಟ ತಿಂಗಳಿಗೊಮ್ಮೆ ಅಳೆದು ಬರೆದಿಡು. ಯಾರೂ ಕೇಳದಿದ್ದರೂ ಬರೆದಿಡು. ಕೆಲಸ ಮುಗಿದ ಗುಂಡಿಗೆ ಬೇಲಿ ಹಾಕಿಸು. ಹಾಕಿಸದೆ ಆ ಊರು ಬಿಡಬೇಡ.

ಇನ್ನೊಂದು. ಬಾದಾಮಿಯ ಮರಳುಗಲ್ಲಿನಲ್ಲಿ ಅಲೆಯ ಗುರುತಿನ ಮೇಲೆ ಅಂಗೈ ಇಟ್ಟು, "ಅವ್ವಾ, ಈ ನೀರು ಯಾ ಕಡೆ ಹರೀತಿತ್ತು?" ಅಂತ ಕೇಳಿದ್ದೆಯಲ್ಲ. ಅವತ್ತು ಜೊತೆಗಿದ್ದ ಡಿಗ್ರಿ ಹುಡುಗರಲ್ಲಿ ಒಬ್ಬರೂ ಅದನ್ನು ಕೇಳಿರಲಿಲ್ಲ. ಸ್ಟಾಫ್ ರೂಮಿನಲ್ಲಿ ಈಗಲೂ ಹೇಳಿಕೊಳ್ಳುತ್ತೇನೆ. ನಿನ್ನ ಎದುರಿಗೆ ಒಮ್ಮೆಯೂ ಹೇಳಿಲ್ಲ.

ಖಡಕ್ ರೊಟ್ಟಿ, ಶೇಂಗಾ ಹಿಂಡಿ, ಅಮೀನಗಡದ ಕರದಂಟು ಕಟ್ಟಿದ್ದೇನೆ. ಬ್ಯಾಗಿನ ಪಕ್ಕದ ಜೇಬಿನಲ್ಲಿ ಎರಡು ಪ್ಲಾಸ್ಟಿಕ್ ಬಾಟಲಿ ಇವೆ, ಕುಡಿಯೋಕಲ್ಲ. ದೀಪಾವಳಿಗೆ ಬರುವಾಗ ಅಲ್ಲಿನ ಬೋರ್‌ವೆಲ್ ನೀರು ಬಾಯಿ ತನಕ ತುಂಬಿಕೊಂಡು ಬಾ. ಚೀಟಿ ನೀನೇ ಬರೆ.

ನಿನ್ನ
ಅವ್ವ