ಗೋಡೆಯಿಂದ ಇಳಿಸಿದ್ದೇನೆ

ಪ್ರೀತಿಯ ಕುಂಞಿ,

ಭಾನುವಾರ ಕಡಂಬಿಟ್ಟನ್ನು ತಟ್ಟೆಯಲ್ಲೇ ಬಿಟ್ಟು, ಮಗುವನ್ನು ಎತ್ತಿಕೊಂಡು ಹೊರಟೆಯಲ್ಲ, ನಿನ್ನ ಕಾರು ತಿರುವು ದಾಟುವ ಮೊದಲೇ ಕೋವಿಯನ್ನು ಗೋಡೆಯಿಂದ ಇಳಿಸಿದೆ. ಆರು ವರ್ಷದವನು ಕುರ್ಚಿ ಹತ್ತಿ ಅದರ ಲೀವರ್ ಎಳೆದಾಗ ನಾನು ನಕ್ಕಿದ್ದು ತಪ್ಪು. ಖಾಲಿಯಿತ್ತು, ನಿಜ. ಅದು ಅವನಿಗೆ ಗೊತ್ತಿರಲಿಲ್ಲ.

ನಾನು ಕಾನೂನು ಹೇಳಿದೆ: 1898ರಲ್ಲೋ ಅದಕ್ಕೂ ಮುಂಚೆಯೋ ತಯಾರಾದದ್ದು ಅಮೆರಿಕದ ಕೇಂದ್ರ ಕಾನೂನಿನಲ್ಲಿ ಪುರಾತನ ವಸ್ತು. ನನ್ನದು 1889ರ ವಿಂಚೆಸ್ಟರ್, 1873ರ ಮಾದರಿ. ‘ಅದರ ತೋಟಾ ಇವತ್ತಿಗೂ ಅಂಗಡಿಯಲ್ಲಿ ಸಿಗುತ್ತದೆ ಅಪ್ಪಾ’ ಎಂದೆ ನೀನು. ವಕೀಲರ ಮನೆಯಲ್ಲಿ ಹುಟ್ಟದಿದ್ದರೂ ವಾದ ನಿನಗೆ ಚೆನ್ನಾಗಿ ಬರುತ್ತದೆ.

ನಮ್ಮ ಕೊಡವರಲ್ಲಿ ಗಂಡು ಹುಟ್ಟಿದರೆ ಒಂದು ಗುಂಡು, ಸಾವಾದರೆ ಎರಡು. ನಿನ್ನ ಅಣ್ಣ ಹುಟ್ಟಿದಾಗ ತಾತ ನಮ್ಮ ಕುಲದ ಹಿರಿಮನೆಯಾದ ಐನ್‌ಮನೆಯ ಅಂಗಳದಲ್ಲಿ ಹಾರಿಸಿದ್ದರು. ನೀನು ಹುಟ್ಟಿದ ದಿನ ಕೋವಿ ಗೋಡೆ ಬಿಟ್ಟು ಕದಲಲಿಲ್ಲ. ಮಳೆಗೆ ತೋಟಾ ತೇವವಾಗಿದೆ ಎಂದರು ತಾತ. ನಾನು ಡಬ್ಬಿ ತೆರೆದು ನೋಡಿದೆ. ಒಣಗಿಯೇ ಇದ್ದವು. ಮುಚ್ಚಿಟ್ಟೆ. ಕೋವಿ ನನ್ನ ಕೈಗೆ ಎಟುಕುವಷ್ಟರಲ್ಲೇ ಇತ್ತು, ಕುಂಞಿ. ಅಂಗಳಕ್ಕೆ ಹತ್ತು ಹೆಜ್ಜೆ. ಆಮೇಲೆ ಪ್ರತಿ ಕೈಲ್‌ಪೊಳ್ದಿನ ಆಯುಧಪೂಜೆಯಲ್ಲಿ ಅದಕ್ಕೆ ತೋಕ್‌ಪೂ ಹೂವು ಸಿಕ್ಕಿಸುವಾಗಲೂ ಆ ಡಬ್ಬಿಯೇ ಕಣ್ಣಿಗೆ ಬರುತ್ತಿತ್ತು. ಈ ದೇಶಕ್ಕೆ ಬಂದು, ಉಳಿತಾಯದ ಹಣ ಸುರಿದು ಹಳೆಯ ಕೋವಿ ಕೊಂಡಿದ್ದೇಕೆ ಎಂದು ನೀನು ಕೇಳಿದಾಗಲೆಲ್ಲ ವಾಲ್‌ನಟ್ ಮರದ ಹಿಡಿಯನ್ನೂ ನಳಿಗೆಯ ಮಾಸದ ನೀಲಿ ಮೆರುಗನ್ನೂ ತೋರಿಸಿದೆ. ಸುಳ್ಳಲ್ಲ, ಪೂರ್ತಿ ಉತ್ತರವೂ ಅಲ್ಲ.

ಮಾರು ಎಂದರೆ ಮಾರುತ್ತೇನೆ. ಆದರೆ ಮಾರುವ ಮುನ್ನ ಹಿತ್ತಾಳೆಯ ಭಾಗವನ್ನು ಉಜ್ಜಿ ಹೊಳಪು ಬರಿಸೋಣ ಎಂದೆಯಲ್ಲ, ದಯವಿಟ್ಟು ಬೇಡ. ನೂರು ವರ್ಷ ಕೂತ ಬಣ್ಣವನ್ನು ಉಜ್ಜಿ ತೆಗೆದರೆ ಸಂಗ್ರಹಕಾರರು ಮುಖ ತಿರುಗಿಸುತ್ತಾರೆ. ವಯೋಮಿಂಗ್‌ನ ಕೋಡಿ ವಸ್ತುಸಂಗ್ರಹಾಲಯ ಕಾರ್ಖಾನೆಯ ಹಳೆಯ ದಾಖಲೆ ನೋಡಿ ಕೊಟ್ಟ ಪತ್ರವೂ ಕೋವಿಯ ಜೊತೆಗೇ ಹೋಗಬೇಕು. ಮತ್ತೆ ಹುಡುಗನಿಗೆ ಹೇಳು, ಖಾಲಿ ಕೋವಿ ಎನ್ನುವುದೇ ಇಲ್ಲ, ಯಾವುದನ್ನೂ ಯಾರ ಕಡೆಗೂ ಹಿಡಿಯಬಾರದು, ಟ್ರಿಗರ್ ಮೇಲೆ ಬೆರಳು... ಸಾಕು. ಇದನ್ನು ಭಾನುವಾರ ನೀನೇ ನನಗೆ ಹೇಳಿದ್ದೆ.

ಕೋವಿ ಈಗ ಕಬ್ಬಿಣದ ಪೆಟ್ಟಿಗೆಯಲ್ಲಿದೆ. ಕೀಲಿಕೈ ಈ ಲಕೋಟೆಯಲ್ಲಿದೆ. ನನ್ನ ಹತ್ತಿರ ಇನ್ನೊಂದು ಇಲ್ಲ.

ನಿನ್ನ
ಅಪ್ಪ