ಕೋಲ್ಕತ್ತದಲ್ಲಿ ಮುಗಿದ ಜಾಝ್ ಬದುಕು

ಮಾನ್ಯ ಸಂಪಾದಕರೇ,

ಜಾಝ್ ಸಂಗೀತ ಎಂದೊಡನೆ ಅಮೆರಿಕದ ಟ್ರಂಪೆಟ್ ವಾದಕ ಲೂಯಿ ಆರ್ಮ್‌ಸ್ಟ್ರಾಂಗ್ ಹೆಸರಿನಾಚೆಗೆ ನಮ್ಮಲ್ಲಿ ಮಾತು ಬೆಳೆಯುವುದು ಅಪರೂಪ. ಅದೇ ಆರ್ಮ್‌ಸ್ಟ್ರಾಂಗ್ ಅವರೊಂದಿಗೆ ನುಡಿಸಿ, ಕೊನೆಗೆ ಕೋಲ್ಕತ್ತದಲ್ಲಿ ಕಣ್ಮುಚ್ಚಿದ ಪಿಯಾನೊ ವಾದಕ ಟೆಡ್ಡಿ ವೆದರ್‌ಫೋರ್ಡ್ ಅವರನ್ನು ಓದುಗರಿಗೆ ನೆನಪಿಸಲು ಈ ಪತ್ರ.

1903ರಲ್ಲಿ ವರ್ಜೀನಿಯಾದ ಪೊಕಹಾಂಟಸ್ ಎಂಬ ಕಲ್ಲಿದ್ದಲು ಗಣಿಯ ಊರಿನಲ್ಲಿ ಹುಟ್ಟಿ, ನ್ಯೂ ಆರ್ಲಿಯನ್ಸ್‌ನಲ್ಲಿ ಪಿಯಾನೊ ಕಲಿತ ಅವರು, ಷಿಕಾಗೊದ ವೆಂಡೋಮ್ ಚಿತ್ರಮಂದಿರದಲ್ಲಿ ಮೂಕಿಚಿತ್ರಗಳಿಗೆ ನುಡಿಸುತ್ತಿದ್ದ ಅರ್ಸ್ಕಿನ್ ಟೇಟ್ ವಾದ್ಯವೃಂದವನ್ನು ಸೇರಿದರು. 1926ರ ಮೇ ತಿಂಗಳಲ್ಲಿ ಆ ವೃಂದ ಧ್ವನಿಮುದ್ರಿಸಿದ ಎರಡು ರಚನೆಗಳಲ್ಲಿ ಆರ್ಮ್‌ಸ್ಟ್ರಾಂಗ್ ಮತ್ತು ವೆದರ್‌ಫೋರ್ಡ್ ಇಬ್ಬರ ವಾದನವೂ ಇದೆ. ಅಲ್ಲಿನ ಪಿಯಾನೊದ ರಭಸವನ್ನು ಒಮ್ಮೆ ಕೇಳಿದವರು ಮರೆಯಲಾರರು. ಅದೇ ವರ್ಷ ಅವರು ಏಷ್ಯಾಕ್ಕೆ ಹೊರಟರು. ಶಾಂಘೈ ಅವರ ನೆಲೆಯಾಯಿತು. 1934ರಲ್ಲಿ ಅಮೆರಿಕದ ಟ್ರಂಪೆಟ್ ವಾದಕ ಬಕ್ ಕ್ಲೇಟನ್ ಅವರ ತಂಡವನ್ನು ಅಲ್ಲಿಗೆ ಕರೆಸಿದವರೂ ಅವರೇ. 1937ರಲ್ಲಿ ಪ್ಯಾರಿಸ್‌ನಲ್ಲಿ ಧ್ವನಿಮುದ್ರಣ ಮಾಡಿದರು, ಮುಂಬಯಿಯ ತಾಜ್ ಹೋಟೆಲಿನಲ್ಲಿ ನುಡಿಸಿದರು. ಎರಡನೆಯ ಮಹಾಯುದ್ಧದ ವರ್ಷಗಳಲ್ಲಿ ಕೋಲ್ಕತ್ತದ ಗ್ರ್ಯಾಂಡ್ ಹೋಟೆಲಿನ ವಾದ್ಯವೃಂದವನ್ನು ಮುನ್ನಡೆಸುತ್ತಿದ್ದಾಗ ಕಾಲರಾಕ್ಕೆ ತುತ್ತಾಗಿ, 1945ರ ಏಪ್ರಿಲ್ 25ರಂದು, ಕೇವಲ 41ರ ವಯಸ್ಸಿನಲ್ಲಿ ತೀರಿಕೊಂಡರು.

ಜಾಝ್ ಚರಿತ್ರೆಯನ್ನು ಬಹುಮಟ್ಟಿಗೆ ಅಮೆರಿಕದ ಧ್ವನಿಮುದ್ರಿಕೆಗಳ ಆಧಾರದಲ್ಲೇ ಬರೆದುದರಿಂದ, ಊರು ಬಿಟ್ಟು ಬಂದ ಈ ಕಲಾವಿದ ಅದರ ಅಂಚಿಗೆ ಸರಿದರೆಂದು ನನಗನ್ನಿಸುತ್ತದೆ. ಅವರು ಕೋಲ್ಕತ್ತದಲ್ಲೇ ಮುದ್ರಿಸಿದ ಗೀತೆಗಳ ಕುರಿತು ತಮ್ಮ ಭಾನುವಾರದ ಪುರವಣಿಯಲ್ಲಿ ಬಲ್ಲವರಿಂದ ಒಂದು ಲೇಖನ ಬರೆಸಬೇಕೆಂದು ಕೋರುತ್ತೇನೆ.

– ಓರ್ವ ಓದುಗ, ಮೈಸೂರು